ಬೆಕ್‌ಸೈಡ್ ಕೂಟದ ಮನೆಯ ಕೊನೆಯ ಚಳಿಗಾಲ

೧೯೪೭, ಮೊದಲ ತಿಂಗಳು ೧೯. ಮೊದಲ ದಿನ

ಲೆಟಿಸ್ ಆಲ್ಡರ್ಸನ್ ನನಗೆ ಬರೆಯಲು ಹೇಳಿದ್ದಾಳೆ. ಹೇಳಿದ್ದಲ್ಲ, ಶಿಕ್ಷೆ ಕೊಟ್ಟಿದ್ದಾಳೆ. "ಡಾರ್ಕಸ್, ಕೂಟದಲ್ಲಿ ಎದ್ದು ನಿಂತು ಬೈಯೋ ಬದಲು ಮನೇಲಿ ಕೂತು ಬರಿ. ಬರೆದದ್ದು ನಾಲ್ಕು ದಿನ ಬಿಟ್ಟು ಓದಿದ್ರೂ ಬಿಸಿಯಾಗೇ ಇದ್ರೆ ಆಗ ಬಂದು ಹೇಳು" ಅಂದಳು. ಅವಳು ನಮ್ಮ ಕೂಟದ ಹಿರಿಯಳು. ತಪ್ಪಿದವರ ಕಿವಿ ಹಿಂಡುವುದು ಅವಳ ಪಾಲಿನ ಕೆಲಸ. ನನ್ನ ಕಿವಿಯೊಂದನ್ನೇ ಹಿಂಡಿ ಹಿಂಡಿ ಅವಳ ಬೆರಳು ಸವೆದುಹೋಗಿದೆ.

ಪುಸ್ತಕ ಮೊಮ್ಮಗಳು ಮೇರಿಯನ್‌ಳದು. ಮುಂದಿನ ಹಾಳೆಗಳಲ್ಲಿ ಅವಳ ಭಾಗಾಕಾರ ಇದೆ, ಎಲ್ಲ ತಪ್ಪು. ನಾನು ಹಿಂದಿನಿಂದ ಬರೆಯುತ್ತೇನೆ. ನಾನು ಶಾಲೆಗೆ ಹೋದದ್ದು ಕುರಿ ಮರಿ ಹಾಕದ ತಿಂಗಳುಗಳಲ್ಲಿ ಮಾತ್ರ. ಅಕ್ಷರ ಸೊಟ್ಟಗಿದ್ದರೆ ಕುರಿಗಳನ್ನು ಕೇಳಿ. ವಾರ, ತಿಂಗಳುಗಳಿಗೆ ನಮ್ಮ ಕೂಟದವರು ಹೆಸರು ಹೇಳುವುದಿಲ್ಲ, ಎಣಿಸುತ್ತೇವೆ, ಭಾನುವಾರ ನಮಗೆ ಮೊದಲ ದಿನ.

ಆದದ್ದು ಇಷ್ಟು. ಪೇಟೆಯಿಂದ ಎಲ್ವುಡ್ ಹಾರ್ಕರ್ ಬಂದಿದ್ದ. ಶಾಲೆಯ ಮೇಷ್ಟರು, ಸುತ್ತಲಿನ ಎಲ್ಲ ಕೂಟಗಳು ಸೇರುವ ದೊಡ್ಡ ಕೂಟಕ್ಕೆ ಗುಮಾಸ್ತ. ಕೂರುವ ಮೊದಲೇ ಸುದ್ದಿ ಹೇಳಿದ. ನಾಲ್ಕನೆಯ ತಿಂಗಳಲ್ಲಿ ದೊಡ್ಡ ಕೂಟ ಇಲ್ಲೇ ಬೆಕ್‌ಸೈಡಿನಲ್ಲಿ ಸೇರುತ್ತದಂತೆ. ಈ ಕೂಟದ ಮನೆಯನ್ನು ಮುಚ್ಚಬೇಕೋ ಇಟ್ಟುಕೊಳ್ಳಬೇಕೋ ಎಂದು ನೋಡುತ್ತಾರಂತೆ. ಮಾಡು ಸೋರುತ್ತದೆ. ತಪ್ಪದೆ ಬರುವವರು ನಾವಿಬ್ಬರು ಮುದುಕಿಯರು. ಪಕ್ಕದ ಹೊಲದ ಟರ್ನರ್ ಉಣ್ಣೆ ತುಂಬಿಡಲು ಕೇಳಿದ್ದಾನೆ.

ಇಷ್ಟು ಹೇಳಿ ಸುಮ್ಮನೆ ಕೂತ. ನಾವೂ ಕೂತೆವು. ನಮ್ಮಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಒಳಗಿನಿಂದ ದೇವರು ಎಬ್ಬಿಸಿದವರು ಎದ್ದು ಎರಡು ಮಾತಾಡಬೇಕು, ಉಳಿದವರು ಮೌನವಾಗಿರಬೇಕು. ನನ್ನನ್ನು ಸಿಟ್ಟು ಎಬ್ಬಿಸಿತು.

"ಪೇಟೆಯವರಿಗೆ ಬೆಕ್‌ಸೈಡ್ ಅಂದ್ರೆ ಸೋರೋ ಮಾಡು. ನಿಮ್ಮ ಮುತ್ತಜ್ಜಂದಿರು ಗುಡ್ಡದ ಮೇಲೆ ಮಳೇಲಿ ಕೂತು ಕೂಟ ನಡೆಸಿದ್ರು, ಅವರಿಗೆ ಮಾಡೂ ಇರಲಿಲ್ಲ. ಎಲ್ವುಡ್ ಹಾರ್ಕರ್, ನಿನ್ನ ಕುಂಡಿಗೆ ಮೆತ್ತೆ ಬೇಕಾದ್ರೆ ಮನೆಯಿಂದ ತಗೊಂಡು ಬಾ!"

ಅವನು ಮೆತ್ತಗೆ ತಲೆಯಾಡಿಸಿದ. ಬೈದರೆ ತಿರುಗಿ ಬೈಯದವರ ಜೊತೆ ಜಗಳ ಹೇಗೆ ಆಡುವುದು? ಗೋಡೆಗೆ ಚೆಂಡು ಹೊಡೆದರೂ ವಾಪಸು ಬರುತ್ತದೆ.

ಲೆಟಿಸ್‌ಗೆ ಮಾತು ಕೊಟ್ಟಿದ್ದೇನೆ, ಇನ್ನು ಸಿಟ್ಟಿನಿಂದ ಏಳುವುದಿಲ್ಲ ಎಂದು.

ಮೊದಲ ತಿಂಗಳು ೨೩. ಐದನೆಯ ದಿನ

ಹಿಮ ಶುರುವಾಗಿದೆ. ಅಳಿಯ ಅರ್ನೆಸ್ಟ್ ಕುರಿಗಳನ್ನು ಕೆಳಗಿನ ಹೊಲಕ್ಕೆ ಇಳಿಸಿದ. ಅವನು ಹಾಡಿ ಪ್ರಾರ್ಥಿಸುವ ಚಾಪೆಲ್ಲಿನವನು, ನಮ್ಮವನಲ್ಲ. ಊಟಕ್ಕೆ ಕೂತಾಗ ಕೆಣಕಿದ.

"ಅತ್ತೆ, ನಿಮ್ಮ ಕೂಟದ ಮನೆ ಮಾರ್ತಾರಂತೆ? ಟರ್ನರ್ ಆಗಲೇ ಬಾಗಿಲು ಅಳೀತಿದ್ದ."

"ನೀವು, ನಿಮ್ಮ ಅಂತೀಯಲ್ಲ, ನಾನೇನು ಇಬ್ಬರಿದ್ದೀನೇನೋ?" ಅಂದೆ. ರಾಜನಿಗೂ ನೀನು ಅಂದವರು ನಾವು. ಮಗಳನ್ನು ಕೊಟ್ಟು ಇಷ್ಟು ವರ್ಷವಾದರೂ ಇವನಿಗೆ ಅದು ಬಾಯಿಗೆ ಬರುವುದಿಲ್ಲ.

"ಹೋಗ್ಲಿ ಬಿಡಿ. ಅಲ್ಲಾ, ಅವರು ಅಷ್ಟು ಜನ, ನೀವೊಬ್ರು. ಕೈ ಎತ್ತಿಸಿದ್ರೆ ಸೋತ್ರಿ."

"ನಮ್ಮಲ್ಲಿ ಕೈ ಎತ್ತಿ ಎಣಿಸೋ ಪದ್ಧತಿ ಇಲ್ಲ. ಎಲ್ಲರ ಮನಸ್ಸು ಒಂದಾಗೋವರೆಗೂ ಕೂತಿರ್ತೀವಿ. ಆದಾಗ ಗುಮಾಸ್ತ ಅಲ್ಲೇ ಕೂತು ನಿರ್ಣಯ ಬರೆದು ಓದ್ತಾನೆ. ಒಬ್ಬಳು ಮುದುಕಿ ಎದ್ದು ನನಗೆ ಒಪ್ಪಿಗೆ ಇಲ್ಲ ಅಂದ್ರೆ ಮುಗೀತು, ಅವನ ಲೇಖನಿ ನಿಲ್ಲಬೇಕು."

ಅರ್ನೆಸ್ಟ್ ನಕ್ಕ. "ಹಾಗಾದ್ರೆ ಮನೆ ಉಳೀತು ಬಿಡಿ. ಈ ಕಣಿವೇಲಿ ನಿಮ್ಮ ಬಾಯಿ ಮುಚ್ಚಿಸೋನು ಇನ್ನೂ ಹುಟ್ಟಿಲ್ಲ."

ನನಗೂ ಹಾಗೇ ಅನ್ನಿಸಿತು. ಆಲೂಗಡ್ಡೆ ಇನ್ನೊಂದು ಹಾಕಿಸಿಕೊಂಡೆ.

ಮೊದಲ ತಿಂಗಳು ೨೬. ಮೊದಲ ದಿನ

ಹಿಮ ಮಂಡಿಯವರೆಗೆ. ಕೂಟಕ್ಕೆ ನಾನು, ಲೆಟಿಸ್, ಅಷ್ಟೇ. ಅವಳು ತೊರೆಯಾಚೆಯಿಂದ ಬರಬೇಕು. ಬರುವಷ್ಟರಲ್ಲಿ ಕೆಮ್ಮಿ ಕೆಮ್ಮಿ ಕೆಂಪಾಗಿದ್ದಳು.

ಮನೆಯ ಚರಿತ್ರೆ ಎಷ್ಟು ಗೊತ್ತೋ ಅಷ್ಟು ಹೇಳಿಕೊಡು ಎಂದು ಹಾರ್ಕರ್ ಕೇಳಿ ಹೋಗಿದ್ದಾನೆ. ಮುಚ್ಚುವ ಮೊದಲು ಚರಿತ್ರೆ ಕೇಳುವುದು ಹೇಗೆಂದರೆ, ಕೋಳಿ ಕೊಯ್ಯುವ ಮೊದಲು ಅದಕ್ಕೆ ಹೆಸರಿಟ್ಟ ಹಾಗೆ. ಆದರೂ ನೆನಪು ಮಾಡಿಕೊಳ್ಳುತ್ತಿದ್ದೇನೆ. ಗೋಡೆಯ ಕಲ್ಲು ತೊರೆಯದು, ಮಾಡಿನ ಚಪ್ಪಡಿ ಗುಡ್ಡದ್ದು. ಗಂಡಸರ ಕಡೆ, ಹೆಂಗಸರ ಕಡೆ, ನಡುವೆ ಹಗ್ಗದಿಂದ ಏರಿಸಿ ಇಳಿಸುವ ಮರದ ತಡಿಕೆ. ಅತ್ತ ಕುದುರೆ ಕಟ್ಟುವ ಜಾಗ, ಇತ್ತ ನಮ್ಮವರನ್ನು ಹೂಳುವ ಹಿತ್ತಿಲು. ಹಿತ್ತಿಲಿನಲ್ಲಿ ಯಾರ ಹೆಸರಿನ ಕಲ್ಲೂ ಇಲ್ಲ. ಸತ್ತ ಮೇಲೂ ದೊಡ್ಡಸ್ತಿಕೆ ಯಾಕೆ ಅಂತ ಹಿಂದಿನವರು ಇಡಲಿಲ್ಲ. ನನ್ನ ಗಂಡ ಆಂಬ್ರೋಸ್ ಮೂಲೆಯ ರೋವನ್ ಮರದ ಕೆಳಗಿದ್ದಾನೆ. ಟರ್ನರ್ ಬಾಗಿಲಿಗೆ ಬೀಗ ಹಾಕಿದರೆ ಅವನನ್ನು ನೋಡಲು ನಾನು ಟರ್ನರನ ಅಂಗಳ ಹಾಯ್ದು, ಅವನ ನಾಯಿಗೆ ನಮಸ್ಕಾರ ಹೇಳಿ ಹೋಗಬೇಕು.

ಬಾರ್ಬರಾಳ ಕಥೆ ಹಾರ್ಕರ್‌ಗೆ ಖಂಡಿತ ಹೇಳಬೇಕು. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು. ಮೌನವಾಗಿ ಕೂರುವುದೇ ಅಪರಾಧ ಅನ್ನುವ ಕಾಲ. ಬೆಕ್‌ಸೈಡಿನ ಗಂಡಸರು ಹೆಂಗಸರು ಎಲ್ಲರೂ ಜೈಲಿನಲ್ಲಿ. ಸರ್ಕಾರದವನು ಬಾಗಿಲಿಗೆ ಮೊಳೆ ಹೊಡೆದ. ಮುದುಕಿ ಬಾರ್ಬರಾಳನ್ನು ಮಾತ್ರ ಸಾಯುವವಳೆಂದು ಬಿಟ್ಟಿದ್ದರು. ಅವಳು ಮೊದಲ ದಿನ ಬಂದು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಳು. "ಇಲ್ಲೇನು ಮಾಡ್ತಿದ್ದೀಯ?" ಅಂದನಂತೆ ಸರ್ಕಾರದವನು. "ಕೂಟ ನಡೀತಿದೆ, ಟೋಪಿ ಹಾಕ್ಕೊಂಡೇ ಕೂತ್ಕೋ" ಅಂದಳಂತೆ. ನಮ್ಮಲ್ಲಿ ಟೋಪಿ ತೆಗೆಯುವ ಮರ್ಯಾದೆಯೂ ಇಲ್ಲವಲ್ಲ.

ಲೆಟಿಸ್‌ಗೆ ಇದನ್ನೇ ಹೇಳಿದೆ. "ನಾನೂ ಬಾರ್ಬರಾ ಹಾಗೆ ಕೂರ್ತೀನಿ ನೋಡು."

ಅವಳು ಕೆಮ್ಮು ನಿಲ್ಲಲಿ ಎಂದು ಕಾದು ಅಂದಳು. "ಬಾರ್ಬರಾ ಸುಮ್ಮನೆ ಕೂತಿದ್ಲು ಕಣೆ. ನೀನು ಮದುವೆಯಾಗಿ ಬಂದ ದಿನದಿಂದ ಇಲ್ಲಿ ಒಂದು ದಿನವೂ ಸುಮ್ಮನೆ ಕೂತಿಲ್ಲ. ಬಾಯಿ ಮುಚ್ಕೊಂಡು ಕೂತಿದ್ದೀಯ ಅಷ್ಟೆ. ಕಾಲುಚೀಲದ ಹೆಣಿಗೆ ಎಣಿಸ್ತಾ ಇರ್ತೀಯ. ನಿನ್ನ ತುಟಿ ಅಲ್ಲಾಡೋದು ನನಗೆ ಕಾಣ್ಸುತ್ತೆ."

ಸುಳ್ಳು ಹೇಳುವ ಹೆಂಗಸಲ್ಲ ಅವಳು. ಅದೇ ಅವಳಲ್ಲಿರುವ ದೊಡ್ಡ ದೋಷ.

ಎರಡನೆಯ ತಿಂಗಳು ೯. ಮೊದಲ ದಿನ

ಹೋದ ವಾರವೂ ಒಬ್ಬಳೇ, ಈ ವಾರವೂ ಒಬ್ಬಳೇ. ಲೆಟಿಸ್ ಹಾಸಿಗೆ ಹಿಡಿದಿದ್ದಾಳೆ. ಅವಳ ಅಕ್ಕನ ಮಗಳು ನೋಡಿಕೊಳ್ಳುತ್ತಿದ್ದಾಳೆ. ದಾರಿ ಮುಚ್ಚಿದೆ, ಡಾಕ್ಟರ್ ಬರುವಂತಿಲ್ಲ. ಹಿಮದಡಿ ಹೊಲದ ಗೋಡೆಗಳೇ ಕಾಣುವುದಿಲ್ಲ, ಗೋಡೆಯ ತಲೆಯ ಮೇಲೆ ನಡೆದು ಕೂಟದ ಮನೆಗೆ ಹೋದೆ. ಮಗಳು ರೂತ್ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅಮ್ಮಾ, ದೇವರು ಒಂದು ವಾರ ಕಾಯ್ತಾನೆ." "ದೇವರು ಕಾಯ್ತಾನೆ, ಟರ್ನರ್ ಕಾಯಲ್ಲ" ಅಂದೆ. ಒಂದು ಮೊದಲ ದಿನ ಬಾಗಿಲು ತೆರೆಯದಿದ್ದರೂ, ಅಲ್ಲಿ ಕೂಟವೇ ನಿಂತುಹೋಗಿದೆ ಅನ್ನುತ್ತಾರೆ.

ಒಲೆ ಹಚ್ಚಿದೆ, ಕೂತೆ. ಒಂದು ಕಾಲುಚೀಲದ ಹಿಮ್ಮಡಿಯವರೆಗೂ ಮನಸ್ಸಿನಲ್ಲೇ ಹೆಣೆದೆ. ಆಮೇಲೆ ಟರ್ನರನನ್ನು ಬೈದೆ, ಹಾರ್ಕರನನ್ನು ಬೈದೆ, ಹಿಮವನ್ನು ಬೈದೆ. ಕೇಳುವವರಿಲ್ಲದೆ ಬೈದರೆ ಉಪ್ಪಿಲ್ಲದ ಗಂಜಿ. ನಾಲ್ಕನೆಯ ತಿಂಗಳಲ್ಲಿ ಏನು ಹೇಳಬೇಕು ಅದನ್ನು ಅಭ್ಯಾಸ ಮಾಡಿದೆ. ಚೆನ್ನಾಗಿತ್ತು. ನನಗೇ ಅಳು ಬಂತು.

ಎರಡನೆಯ ತಿಂಗಳು ೧೬. ಮೊದಲ ದಿನ

ಅರ್ನೆಸ್ಟ್ ದಿನವೆಲ್ಲ ಹೂತುಹೋದ ಕುರಿ ಹುಡುಕುತ್ತ ಉದ್ದನೆಯ ಕೋಲಿನಿಂದ ಹಿಮ ತಿವಿಯುತ್ತಾನೆ. ಕೋಲು ಮೆತ್ತಗೆ ತಗುಲಿದರೆ ಅಗೆಯುತ್ತಾನೆ. ಸಿಕ್ಕಿದ್ದರಲ್ಲಿ ಬದುಕಿದ್ದು ಕಡಿಮೆ. ಈಗ ಊಟಕ್ಕೆ ಕೂತರೆ ಕೆಣಕುವುದಿಲ್ಲ. ನಾನು ಕೆಣಕಿ ನೋಡಿದೆ. ತಟ್ಟೆ ಬಿಟ್ಟು ಕೋಲು ಎತ್ತಿಕೊಂಡು ಹೋದ.

ಕೂಟದ ಮನೆಯಲ್ಲಿ ಹೆಂಗಸರ ಕಡೆಯ ಮಾಡು ಹಿಮದ ಭಾರಕ್ಕೆ ಬಾಗಿದೆ. ನೋಡುತ್ತ ಕೂತೆ. ನನ್ನ ಕೈಯಲ್ಲಿ ಏನಿದೆ? ಒಂದು ಪೊರಕೆ.

ಎರಡನೆಯ ತಿಂಗಳು ೨೦. ಐದನೆಯ ದಿನ

ಲೆಟಿಸ್ ಹೋದಳು. ಬೆಳಿಗ್ಗೆ. ನನಗೆ ತಿಳಿದದ್ದು ಮಧ್ಯಾಹ್ನ.

ಎರಡನೆಯ ತಿಂಗಳು ೨೩. ಮೊದಲ ದಿನ

ನೆಲ ಕಬ್ಬಿಣವಾಗಿದೆ, ಗುದ್ದಲಿ ಇಳಿಯುವುದಿಲ್ಲ. ಪೆಟ್ಟಿಗೆಯನ್ನು ಎಲ್ಲಿಡುವುದು? ಕೂಟದ ಮನೆಯಷ್ಟು ತಣ್ಣಗಿನ ಜಾಗ ಇನ್ನೊಂದಿಲ್ಲ. ಅರ್ನೆಸ್ಟ್ ಮತ್ತು ಟರ್ನರ್ ಹುಲ್ಲು ಎಳೆಯುವ ಜಾರುಬಂಡಿಗೆ ಕಟ್ಟಿ, ತೊರೆಯ ಹಿಮಗಟ್ಟಿದ ನೀರಿನ ಮೇಲೆ ಎಳೆದು ತಂದರು. ಟರ್ನರನ ಗಡ್ಡದಲ್ಲಿ ನೀರು ಹೆಪ್ಪುಗಟ್ಟಿತ್ತು. ಒಳಗೆ ಇಟ್ಟಮೇಲೆ, ನಮ್ಮವನಲ್ಲದಿದ್ದರೂ, ಸ್ವಲ್ಪ ಹೊತ್ತು ಸುಮ್ಮನೆ ನಿಂತ. "ಒಳ್ಳೇ ಹೆಂಗಸು. ನಮ್ಮಮ್ಮನ ಕೊನೇ ದಿನಗಳಲ್ಲಿ ಸಾರು ತಂದುಕೊಡ್ತಿದ್ಲು" ಅಂದ. ಇನ್ನು ಅವನನ್ನು ಬೈಯಲೂ ಆಗದ ಹಾಗೆ ಮಾಡಿಬಿಟ್ಟ.

ಹಿರಿಯರ ಬೆಂಚಿನ ಮುಂದೆ ಅವಳನ್ನಿಟ್ಟಿದ್ದಾರೆ. ಒಲೆ ಹಚ್ಚಲಿಲ್ಲ, ಹಚ್ಚುವ ಹಾಗಿಲ್ಲ. ಕಂಬಳಿ ಹೊದ್ದು ಎದುರಿಗೆ ಕೂತೆ. ಈ ದಿನ ಕೂಟದಲ್ಲಿ ಇಬ್ಬರು.

ಹೆಣಿಗೆ ಎಣಿಸಲಿಲ್ಲ. ಅವಳ ಮುಂದೆ ನಾಚಿಕೆಯಾಯಿತು.

ಮೂರನೆಯ ತಿಂಗಳು ೨. ಮೊದಲ ದಿನ

ಬರೆಯುವಂಥದ್ದೇನಿಲ್ಲ. ಕೂತಿದ್ದೆ. ಅರ್ನೆಸ್ಟ್ ಹುಡುಕಿಕೊಂಡು ಬಂದು ಭುಜ ಅಲ್ಲಾಡಿಸಿದ. "ಅತ್ತೆ! ಬಾಗಿಲಲ್ಲಿ ನಿಂತು ಎಷ್ಟು ಸಲ ಕೂಗ್ಲಿ? ನಾನು ಏನೇನೋ ಅಂದ್ಕೊಂಡೆ. ಕತ್ತಲಾಗ್ತಾ ಬಂತು, ಊಟಕ್ಕೂ ಬರಲಿಲ್ಲ." ಅವನ ಮುಖ ಬಿಳಿಚಿತ್ತು. ಕಿವಿ ಮಂದವಾಗುತ್ತಿರಬೇಕು. ಅಮ್ಮನಿಗೂ ಈ ವಯಸ್ಸಿಗೆ ಮಂದವಾಗಿತ್ತು.

ಮೂರನೆಯ ತಿಂಗಳು ೯. ಮೊದಲ ದಿನ

ಹೋದೆ. ಬಂದೆ.

ರೂತ್ ಕೇಳಿದಳು, "ಅಮ್ಮಾ, ಹುಷಾರಿದ್ದೀಯ ತಾನೆ? ಮೇರಿಯನ್ ಹಾಲಿನ ಜಗ್ಗು ಒಡೆದ್ಲು, ನೀನು ಏನೂ ಅನ್ನಲಿಲ್ಲ." ಒಡೆದದ್ದನ್ನು ಬೈದರೆ ಕೂಡಿಕೊಳ್ಳುತ್ತದೆಯೇ? ಚಳಿಗೆ ಮಂಕಾಗಿದ್ದೇನೆ ಅಷ್ಟೆ.

ಮೂರನೆಯ ತಿಂಗಳು ೧೮. ಮೂರನೆಯ ದಿನ

ಹಿಮ ಕರಗಿತು. ಕರಗಿದ್ದಲ್ಲ, ಗುಡ್ಡವೇ ಇಳಿದು ಬಂದ ಹಾಗೆ ನೀರು. ಸತ್ತ ಕುರಿಗಳು ತೊರೆಯಲ್ಲಿ ತೇಲಿ ಹೋದವು. ಅರ್ನೆಸ್ಟ್ ದಡದಲ್ಲಿ ನಿಂತು ನೋಡಿದ. ನಾನು ಪಕ್ಕದಲ್ಲಿ ನಿಂತೆ. ಅವನ ಚಾಪೆಲ್ಲಿನವರು ಆಗಿದ್ದರೆ ಏನಾದರೂ ಹಾಡುತ್ತಿದ್ದರು.

ಹೆಂಗಸರ ಕಡೆಯ ಮಾಡಿನ ಚಪ್ಪಡಿಗಳು ಜಾರಿ ಒಳಗೇ ಬಿದ್ದಿವೆ. ಎರಡು ಬೆಂಚು ಪುಡಿ. ಲೆಟಿಸ್‌ಗೆ ಏನೂ ಆಗಿರಲಿಲ್ಲ. ಈ ದಿನ ಅವಳನ್ನು ಆಂಬ್ರೋಸನ ಈಚೆ ಬದಿಗೆ ಹೂತೆವು. ಹಾರ್ಕರ್ ಕೆಸರಿನಲ್ಲಿ ನಡೆದು ಬಂದ. ಹೊರಡುವಾಗ ಕೇಳಿದ.

"ಡಾರ್ಕಸ್, ಮುಂದಿನ ತಿಂಗಳು ನೀನು ಏನು ಹೇಳ್ತೀಯ ಅಂತ ನನಗೆ ಗೊತ್ತು. ಹೇಳು. ನಿನಗೆ ಒಪ್ಪಿಗೆ ಇಲ್ಲ ಅಂದ್ರೆ ನಾನು ಬರೆಯಲ್ಲ. ಮಾಡಿಗೆ ಎಲ್ಲಿಂದಾದ್ರೂ ದಾರಿ ಹುಡುಕೋಣ."

"ಹೇಳ್ತೀನಿ. ನೀನು ಎರಡು ಕರವಸ್ತ್ರ ತಗೊಂಡು ಬಾ" ಅಂದೆ.

ಅವನು ನಕ್ಕ. ಹುಡುಗ ಕೆಟ್ಟವನಲ್ಲ. ಕೆಟ್ಟವರು ಯಾರೂ ಸಿಗುತ್ತಿಲ್ಲ, ಅದೇ ತೊಂದರೆ.

ಬಾರ್ಬರಾಳ ಕಥೆ ಹೇಳಿದೆ. ಬರೆದುಕೊಂಡ.

ನಾಲ್ಕನೆಯ ತಿಂಗಳು ೧೧. ಆರನೆಯ ದಿನ

ನಾಳೆ ದೊಡ್ಡ ಕೂಟ. ಬೆಂಚು ಒರೆಸಿದೆ. ಮೇರಿಯನ್ ಬಕೆಟ್ ಹಿಡಿದು ಬಂದಿದ್ದಳು. ಮಾಡಿನ ತೂತಿಗೆ ಅರ್ನೆಸ್ಟ್ ಟಾರ್ಪಾಲು ಕಟ್ಟಿದ, ಯಾರೂ ಕೇಳದೆಯೇ.

"ಅತ್ತೆ, ನಾಳೆ ಬಿಡಬೇಡಿ. ಕುರಿ ಹೋದ್ವು, ನೀವಾದ್ರೂ ಏನಾದ್ರೂ ಉಳಿಸ್ಕೊಳ್ಳಿ" ಅಂದ.

ನಾನು ಏನು ಹೇಳಬೇಕೆಂದು ಇಲ್ಲಿ ಬರೆದಿಡುತ್ತೇನೆ, ಮರೆಯದ ಹಾಗೆ. ಲೆಟಿಸ್ ಹೇಳಿದ ಹಾಗೆ ವಾರಗಟ್ಟಲೆ ಆರಲು ಬಿಟ್ಟಿದ್ದೇನೆ, ಆರಿಲ್ಲ. "ಮಿತ್ರರೇ, ನನಗೆ ಒಪ್ಪಿಗೆ ಇಲ್ಲ. ಜನ ಕಡಿಮೆ ಅಂತೀರಿ. ಬಾರ್ಬರಾ ಒಬ್ಬಳೇ ಇದ್ದಾಗಲೂ ಇದು ಕೂಟವೇ. ನಾನಿರುವವರೆಗೂ ಬಾಗಿಲು ತೆರೀತೀನಿ. ನಾನು ಸತ್ತ ಮಾರನೆಯ ದಿನ ಟರ್ನರ್‌ಗೆ ಕೊಡಿ." ಇಷ್ಟೇ. ಉದ್ದವಿಲ್ಲ. ಲೆಟಿಸ್ ಕೂಡ ಉದ್ದ ಅನ್ನುತ್ತಿರಲಿಲ್ಲ.

ನಾಲ್ಕನೆಯ ತಿಂಗಳು ೧೨. ಏಳನೆಯ ದಿನ

ಹೇಗೆ ಬರೆಯಲಿ.

ಜನ ತುಂಬಿದ್ದರು. ಗಂಡಸರ ಕಡೆ, ಹೆಂಗಸರ ಕಡೆ ಎಲ್ಲ ಬೆರೆತು ಕೂತರು, ಮುರಿದ ಬೆಂಚಿನ ಜಾಗದಲ್ಲಿ ನಮ್ಮ ಅಡುಗೆಮನೆಯ ಕುರ್ಚಿಗಳು. ಹಾರ್ಕರ್ ವಿಷಯ ಮುಂದಿಟ್ಟ. ಒಬ್ಬ ಎದ್ದು ಮಾಡಿನ ಬಗ್ಗೆ ಹೇಳಿದ. ಒಬ್ಬಳು ಇಲ್ಲಿಯೇ ಮದುವೆಯಾದವಳು, ಅದನ್ನು ಹೇಳಿ ಕೂತಳು. ಆಮೇಲೆ ಎಲ್ಲ ಸುಮ್ಮನಾದರು. ಎಲ್ಲರೂ ನನಗಾಗಿ ಕಾಯುತ್ತಿದ್ದಾರೆಂದು ಬೆನ್ನಿಗೇ ತಿಳಿಯುತ್ತಿತ್ತು. ಮಾತು ನಾಲಿಗೆಯ ತುದಿಯಲ್ಲಿತ್ತು. ಇನ್ನೊಂದು ಉಸಿರು, ಆಮೇಲೆ ಏಳೋಣ ಅಂದುಕೊಂಡೆ. ಟಾರ್ಪಾಲಿನ ಅಂಚಿನಿಂದ ಬಿಸಿಲು ಲೆಟಿಸ್ ಕೂರುತ್ತಿದ್ದ ಜಾಗಕ್ಕೆ ಬಿದ್ದಿತ್ತು. ಹೊರಗೆ ಕುರಿಮರಿಯೊಂದು ಕೂಗಿತು. ಅರ್ನೆಸ್ಟನದು, ಉಳಿದವುಗಳಲ್ಲಿ ಒಂದು. ತೊರೆ ಹರಿಯುತ್ತಿತ್ತು.

ಹಾರ್ಕರ್ ಬರೆದ. ಓದಿದ. ಬೆಕ್‌ಸೈಡ್ ಕೂಟವನ್ನು ಕೃತಜ್ಞತೆಯಿಂದ ಮುಗಿಸುತ್ತೇವೆ ಎಂದು. ಓದಿ ನನ್ನನ್ನೇ ನೋಡಿದ. ಬಹಳ ಹೊತ್ತು ನೋಡಿದನಂತೆ. ಆಮೇಲೆ "ಮಿತ್ರರಿಗೆ ಇದು ಒಪ್ಪಿಗೆಯೇ?" ಅಂದ. ನಮ್ಮಲ್ಲಿ ಒಪ್ಪಿಗೆ ಅಂತ ಒರಟಾಗಿ ಹೇಳುವುದಿಲ್ಲ, "ಹಾಗೆಂದೇ ನಂಬೋಣ" ಅನ್ನುತ್ತಾರೆ. ಎಲ್ಲರೂ ಅಂದರು. ಮಳೆಹನಿ ಬಿದ್ದ ಹಾಗೆ ಒಬ್ಬೊಬ್ಬರಾಗಿ. ಪಕ್ಕದವಳು ನನ್ನ ಕೈ ಹಿಡಿದು ಕುಲುಕಿದಳು. ಕೈ ಕುಲುಕಿದರೆ ಕೂಟ ಮುಗಿಯಿತೆಂದು ಅರ್ಥ.

ಮುಗಿದಿತ್ತು.

ನಾನು ಎದ್ದಿರಲಿಲ್ಲ.

ಬೇರೆ ಕಣಿವೆಯ ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಬಂದಳು. "ಡಾರ್ಕಸ್, ನನ್ನ ಮನಸ್ಸು ಹೊಯ್ದಾಡ್ತಿತ್ತು. ನೀನೇ ಸುಮ್ಮನಿದ್ದದ್ದು ನೋಡಿ ಖಾತ್ರಿಯಾಯ್ತು. ನಿನ್ನನ್ನು ಸುಮ್ಮನಿರಿಸೋದು ಮನುಷ್ಯರ ಕೈಲಾಗೋ ಕೆಲಸ ಅಲ್ಲ."

ಎಲ್ಲರೂ ಹೋದ ಮೇಲೆ ಹಾರ್ಕರ್ ಬಂದು ಎದುರಿಗೆ ಕೂತ. ಕೈಯಲ್ಲಿ ಆ ಹಾಳೆ.

"ನಾನು ನಿನಗೋಸ್ಕರ ಕಾದೆ, ಡಾರ್ಕಸ್. ನಿನಗೆ ಕಿವಿ ಸರಿಯಾಗಿ ಕೇಳ್ತಿಲ್ಲ ಅಂತ ನಿನ್ನ ಅಳಿಯ ಹೇಳ್ದ. ಓದಿದ್ದು ಕೇಳಿಸದಿದ್ರೆ ಹೇಳು. ಅವರೆಲ್ಲ ಇನ್ನೂ ಅಂಗಳದಲ್ಲೇ ಇದ್ದಾರೆ. ಕರೆದು ಮತ್ತೆ ಕೂರಿಸ್ತೀನಿ."

ಅಷ್ಟೇ ಸಾಕಿತ್ತು. ಕೇಳಿಸಲಿಲ್ಲ ಕಣೋ ಅಂದಿದ್ದರೆ ಮನೆ ಉಳಿಯುತ್ತಿತ್ತು. ಬಾಯಿ ತೆರೆದೆ.

"ಕೇಳಿಸ್ತು" ಅಂದೆ.

ನಾವು ಆಣೆ ಹಾಕುವವರಲ್ಲ. ಹಾಕದೆಯೇ ನಿಜ ಹೇಳಬೇಕಾದವರು. ನಿಜವಾಗಿ ಕೇಳಿಸಿತ್ತು. ಕುರಿಮರಿ ಕೂಗಿದ್ದು, ತೊರೆ ಹರಿದದ್ದು ಕೇಳಿಸಿದ ಹಾಗೆಯೇ ಅದೂ ಕೇಳಿಸಿತ್ತು. ತೊರೆಗೆ ನಿಲ್ಲು ಅನ್ನಬೇಕು ಅನ್ನಿಸಿರಲಿಲ್ಲ, ಇದಕ್ಕೂ ಅನ್ನಿಸಲಿಲ್ಲ. ಆಗ ಅನ್ನಿಸಲಿಲ್ಲ. ಈಗ ಅನ್ನಿಸುತ್ತಿದೆ. ಈಗ ಯಾರ ಮುಂದೆ ಎದ್ದು ನಿಲ್ಲಲಿ?

ಅರ್ನೆಸ್ಟ್ ಅಂಗಳದಲ್ಲಿ ಕಾಯುತ್ತಿದ್ದ. ನನ್ನ ಮುಖ ನೋಡಿದ. "ಬಾ ಅತ್ತೆ, ಮನೆಗೆ ಹೋಗೋಣ. ನೀನು ಕೈ ಹಿಡ್ಕೋ, ಕೆಸರಿದೆ" ಅಂದ.

ನಾಲ್ಕನೆಯ ತಿಂಗಳು ೧೩. ಮೊದಲ ದಿನ

ಅಭ್ಯಾಸಬಲದಿಂದ ಹೋದೆ. ಬೀಗದ ಕೈ ಹಾರ್ಕರ್‌ಗೆ ಕೊಟ್ಟಾಗಿದೆ. ಮೆಟ್ಟಿಲ ಮೇಲೆ ಕೂರೋಣ ಅಂದುಕೊಂಡೆ, ಬಾರ್ಬರಾಳ ಹಾಗೆ. ಕೂರಲಾಗಲಿಲ್ಲ. ಅವಳ ಬಾಗಿಲಿಗೆ ಮೊಳೆ ಹೊಡೆದವನು ಸರ್ಕಾರದವನು, ಅವನ ಮುಂದೆ ತಲೆಯೆತ್ತಿ ಕೂರಬಹುದಿತ್ತು. ನನ್ನ ಬಾಗಿಲು ಮುಚ್ಚಿದವಳ ಮುಂದೆ ನಾನು ಹೇಗೆ ಕೂರಲಿ?

ಮೆಟ್ಟಿಲ ಮೇಲೆ ಕುರಿ ಹಿಕ್ಕೆ ಬಿದ್ದಿತ್ತು. ಗುಡಿಸಿ ಬಂದೆ.

ಐದನೆಯ ತಿಂಗಳು ೪. ಮೊದಲ ದಿನ

ಬಸ್ಸಿನಲ್ಲಿ ಪೇಟೆಯ ಕೂಟಕ್ಕೆ ಹೋಗಿದ್ದೆ. ಕುರ್ಚಿಗೆಲ್ಲ ಮೆತ್ತೆ. ಗೋಡೆಯಲ್ಲಿ ವಿದ್ಯುತ್ತಿನ ಒಲೆ, ಅದರ ಮೇಲೆ ಗಡಿಯಾರ. ಹೊರಗೆ ಲಾರಿ. ಒಬ್ಬಳು ಎಳೆಯ ಹುಡುಗಿ ಎದ್ದು ಹೂಗಳ ಬಗ್ಗೆ ಚೆನ್ನಾಗಿಯೇ ಮಾತಾಡಿದಳು. ನಾನು ಎಷ್ಟು ಪ್ರಯತ್ನಪಟ್ಟರೂ ಒಳಗೆ ಸುಮ್ಮನಾಗಲು ಆಗಲಿಲ್ಲ. ಮನಸ್ಸಿನಲ್ಲೇ ಒಂದು ಜೊತೆ ಕಾಲುಚೀಲ ಪೂರಾ ಹೆಣೆದು ಮುಗಿಸಿದೆ.

ಮುಗಿದ ಮೇಲೆ ಹಾರ್ಕರ್ ತಾನು ಬರೆದ ಬೆಕ್‌ಸೈಡ್ ಮನೆಯ ಚರಿತ್ರೆ ಓದಿದ. ಬಾರ್ಬರಾ ಇದ್ದಾಳೆ, ತಡಿಕೆ, ಕುದುರೆ ಕಟ್ಟುವ ಜಾಗ ಎಲ್ಲ ಇದೆ. ಕೊನೆಯಲ್ಲಿ, ಈ ಚಳಿಗಾಲದಲ್ಲಿ ಒಬ್ಬಳೇ ಬಾಗಿಲು ತೆರೆದ ಡಾರ್ಕಸ್ ಫಾಸೆಟ್ ಎಂಬವಳು ತನ್ನ ಮೌನದಿಂದ ಎಲ್ಲರಿಗೂ ದಾರಿ ತೋರಿಸಿದಳು ಅಂತ ಬರೆದಿದ್ದಾನೆ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ತಪ್ಪು ಅನ್ನಲು ಅದರಲ್ಲಿ ಒಂದು ತಪ್ಪೂ ಇಲ್ಲ.

ಚಹಾ ಕೊಡುತ್ತಿದ್ದ ಹೆಂಗಸು ಬಟ್ಟಲು ನನ್ನ ಕೈಗಿಟ್ಟು ನಕ್ಕಳು. "ನೀನು ಬೆಕ್‌ಸೈಡಿನ ಡಾರ್ಕಸ್ ಅಲ್ವಾ? ನೀನು ತುಂಬಾ ಮಾತಾಡ್ತೀಯ ಅಂತ ಕೇಳಿದ್ವಲ್ಲ."

"ಆಡ್ತಿದ್ದೆ" ಅಂದೆ.

ಚಹಾ ತಣ್ಣಗಿತ್ತು. ಅದನ್ನೂ ಹೇಳಲಿಲ್ಲ.